ಒಂದು ಮುಳ್ಳುಮರ, ಒಂದು ದೇಶದ ಹೆಸರು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದರು. ಒಪ್ಪಿಕೊಂಡೆ. ಅವರು ಹೋದ ಮೇಲೆ ಜಗಲಿಯಲ್ಲಿ ಕುಳಿತು ಯೋಚಿಸಿದಾಗ ಮೊದಲು ನೆನಪಾದದ್ದು ಶಾಲೆಯ ಇತಿಹಾಸವಲ್ಲ, ನಾನು ಉತ್ತರ ಕೊಡದೆ ಬಿಟ್ಟ ಒಂದು ಪ್ರಶ್ನೆ.

ಅದು 2002ನೆಯ ಇಸವಿ. ಮಳೆ ಹಿಡಿದ ದಿನಗಳು. ಜೂನ್ 30ರ ಭಾನುವಾರ ಬ್ರೆಜಿಲ್ ತಂಡ ಜರ್ಮನಿಯನ್ನು 2-0 ಗೋಲುಗಳಿಂದ ಸೋಲಿಸಿ ಫುಟ್‌ಬಾಲ್ ವಿಶ್ವಕಪ್ ಗೆದ್ದಿತ್ತು. ಟಿವಿ ಇದ್ದ ನಾಲ್ಕಾರು ಮನೆಗಳಲ್ಲಿ ಊರಿನ ಮಕ್ಕಳೆಲ್ಲ ಸೇರಿ ಆಟ ನೋಡಿದ್ದರು. ಮರುದಿನ ಒಂಬತ್ತನೆಯ ತರಗತಿಯಲ್ಲಿ ನಾನು ಪ್ರಪಂಚದ ಭೂಪಟ ತೂಗುಹಾಕಿ ಬ್ರೆಜಿಲ್ ಎಲ್ಲಿದೆ ಎಂದು ಕೋಲಿನಿಂದ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಬ್ರೆಜಿಲ್‌ಗೆ ಬ್ರೆಜಿಲ್ ಅಂತ ಹೆಸರು ಯಾಕೆ ಬಂತು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊ" ಎಂದೆ. ತರಗತಿ ನಕ್ಕಿತು. ಆ ಹುಡುಗಿ ಕುಳಿತಳು. ಆ ವರ್ಷ ಪೂರ್ತಿ ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಿವೃತ್ತಿಯಾದ ಮೇಲೆ ಬಿಡುವಿನಲ್ಲಿ ಓದುತ್ತ ಹೋದಾಗ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಉತ್ತರ ಒಂದು ಮರ. ಆ ಮರದ ಕಥೆ ನಮ್ಮ ಕಡಲ ತೀರವನ್ನೂ ಮುಟ್ಟಿ ಹೋಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮರದ ಪರಿಚಯ

ಪೋರ್ಚುಗೀಸ್ ಭಾಷೆಯಲ್ಲಿ ಈ ಮರದ ಹೆಸರು ಪೌ-ಬ್ರಸಿಲ್, ಅಂದರೆ ಬ್ರೆಜಿಲ್ ಮರ. 1785ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲಮಾರ್ಕ್ ಇದಕ್ಕೆ ಸೀಸಲ್ಪಿನಿಯ ಎಕಿನೇಟ ಎಂದು ಹೆಸರಿಟ್ಟ. ಎಕಿನೇಟ ಎಂದರೆ ಮುಳ್ಳುಮುಳ್ಳಾದದ್ದು. 2016ರಲ್ಲಿ ವಿಜ್ಞಾನಿಗಳು ಇದನ್ನು ಬೇರೆ ಕುಲಕ್ಕೆ ಸೇರಿಸಿ ಪೌಬ್ರಸಿಲಿಯ ಎಕಿನೇಟ ಎಂದು ಕರೆದರು. ಕುಲ ಬದಲಾದರೂ ಮುಳ್ಳಿನ ಹೆಸರು ಹಾಗೆಯೇ ಉಳಿಯಿತು.

ಇದು ನಿತ್ಯಹರಿದ್ವರ್ಣದ ಮರ. ನಿಧಾನವಾಗಿ ಬೆಳೆಯುತ್ತದೆ. ಕಾಂಡ ಮತ್ತು ಕೊಂಬೆಗಳ ಮೇಲೆ ಮುಳ್ಳು, ಕಾಯಿಯ ಮೇಲೂ ಮುಳ್ಳು. ಹೂವು ಹಳದಿ, ಸುವಾಸನೆಯುಳ್ಳದ್ದು. ಒಂದು ಎಸಳಿನ ಮೇಲೆ ಮಾತ್ರ ರಕ್ತದ ಹನಿ ಬಿದ್ದಂತೆ ಕೆಂಪು ಮಚ್ಚೆ. ಕಾಯಿ ಒಣಗಿದಾಗ ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಹೊರಗಿನ ಬೂದುಬಣ್ಣದ ತೊಗಟೆ ನೋಡಿದರೆ ಏನೂ ವಿಶೇಷ ಅನ್ನಿಸುವುದಿಲ್ಲ. ಆದರೆ ಕಡಿದರೆ ಒಳಗಿನ ಚೇಗು ಕಿತ್ತಳೆಗೆಂಪು, ಗಾಳಿ ತಾಗಿದಂತೆ ಕಡುಗೆಂಪು. ಈ ಕೆಂಪೇ ಅದರ ಭಾಗ್ಯ, ದೌರ್ಭಾಗ್ಯ ಎರಡೂ ಆಯಿತು.

ನಮ್ಮ ಓದುಗರಿಗೆ ಇದರ ರೂಪ ಕಣ್ಣಿಗೆ ಕಟ್ಟಬೇಕಾದರೆ ಗಜ್ಜುಗವನ್ನು ನೆನೆಯಿರಿ. ಶಾಲೆಯ ಹಿಂದಿನ ಬೇಲಿಯಲ್ಲಿ ಹಬ್ಬಿದ್ದ ಆ ಮುಳ್ಳುಬಳ್ಳಿಯ ಕಾಯಿ ಕಿತ್ತು, ಕೈ ಗೀರಿಸಿಕೊಂಡು, ಬೂದುಬಣ್ಣದ ಬೀಜ ಆರಿಸಿ ಆಡದ ಮಕ್ಕಳು ನಮ್ಮ ಶಾಲೆಯಲ್ಲಿ ಯಾರಿದ್ದರು? ಗಜ್ಜುಗವೂ ಬ್ರೆಜಿಲ್ ಮರವೂ ಒಂದೇ ಬಳಗದವು. ಬಹುಕಾಲ ಸಸ್ಯವಿಜ್ಞಾನಿಗಳು ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು.

ಆ ಮರದ ಕಾಡು

ಬ್ರೆಜಿಲಿನ ಕಾಡು ಎಂದೊಡನೆ ನಾವು ಅಮೆಜಾನ್ ಎನ್ನುತ್ತೇವೆ. ಆದರೆ ಈ ಮರ ಅಮೆಜಾನಿನದಲ್ಲ. ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವ ಬೇರೊಂದು ಕಾಡಿನದು. ಅಲ್ಲಿಯವರು ಅದನ್ನು ಮಾತಾ ಅಟ್ಲಾಂಟಿಕ ಎನ್ನುತ್ತಾರೆ. ರಿಯೊ ಗ್ರಾಂಡಿ ದೊ ನಾರ್ಟಿ ರಾಜ್ಯದಿಂದ ರಿಯೊ ಡಿ ಜನೈರೊವರೆಗಿನ ಕರಾವಳಿ ಈ ಮರದ ತವರು.

ಆ ಕಾಡಿನ ಕಟ್ಟಣೆ ನಮ್ಮ ಸಹ್ಯಾದ್ರಿಯನ್ನು ನೆನಪಿಸುತ್ತದೆ. ನಮಗೆ ಅರಬ್ಬೀ ಸಮುದ್ರದ ಮೋಡಗಳನ್ನು ಪಶ್ಚಿಮ ಘಟ್ಟ ತಡೆದು ಮಳೆ ಸುರಿಸುತ್ತದೆ. ಅಲ್ಲಿ ದಕ್ಷಿಣದ ಭಾಗದಲ್ಲಿ ಅಟ್ಲಾಂಟಿಕಿನ ತೇವದ ಗಾಳಿಯನ್ನು ಸೆರ್ರಾ ದೊ ಮಾರ್ ಎಂಬ ಬೆಟ್ಟಸಾಲು ತಡೆಯುತ್ತದೆ. ಆ ಹೆಸರಿನ ಅರ್ಥವೇ ಕಡಲ ಬೆಟ್ಟ. ನಮ್ಮಲ್ಲಿ ಸಿಂಗಳೀಕ ಇದ್ದ ಹಾಗೆ ಅಲ್ಲಿ ಬೇರೆಲ್ಲೂ ಇಲ್ಲದ ಚಿನ್ನದ ಬಣ್ಣದ ಪುಟ್ಟ ಸಿಂಹಮುಖದ ಕೋತಿಯಿದೆ. ಬಾಯಿಯ ಮತ್ತು ಎಸ್ಪಿರಿಟೊ ಸಾಂಟೊ ರಾಜ್ಯಗಳಲ್ಲಿ ಉಳಿದ ಆ ಕಾಡಿನ ಕೆಲವು ಭಾಗಗಳು 1999ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಪಶ್ಚಿಮ ಘಟ್ಟ ಸೇರಿದ್ದು 2012ರಲ್ಲಿ.

ಆದರೆ ಬ್ರೆಜಿಲ್ ಮರ ಎತ್ತರದ ಬೆಟ್ಟದಲ್ಲಿ ಬೆಳೆಯುವುದಲ್ಲ. ಕಡಲಿಗೆ ಹತ್ತಿರದ ತಗ್ಗಿನ ಕಾಡಿನಲ್ಲಿ, ಮರಳು ಬೆರೆತ ಮಣ್ಣಿನಲ್ಲಿಯೂ ಬೆಳೆಯುತ್ತದೆ. ಹಡಗಿನಿಂದ ಇಳಿದವನಿಗೆ ಕೈಗೆ ಸಿಗುವಷ್ಟು ಹತ್ತಿರ. ಒಳನಾಡಿನ ಮರವಾಗಿದ್ದರೆ ಬಹುಶಃ ಇಷ್ಟು ಬೇಗ ಕೊಡಲಿಗೆ ಸಿಗುತ್ತಿರಲಿಲ್ಲ.

ಹೆಸರು ಹೋದದ್ದು ಈ ಕಡೆಯಿಂದ

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ದೇಶಕ್ಕೆ ಆ ಹೆಸರು ಬಂದದ್ದು ಮರದಿಂದ, ಸರಿ. ಮರಕ್ಕೆ ಆ ಹೆಸರು ಎಲ್ಲಿಂದ ಬಂತು?

ಕೇರಳದ ಹೋಟೆಲುಗಳಲ್ಲಿ ಊಟಕ್ಕೆ ಕುಳಿತರೆ ನಸುಗೆಂಪು ಬಣ್ಣದ ಬಿಸಿನೀರು ಕೊಡುತ್ತಾರೆ. ಪ್ರವಾಸಕ್ಕೆ ಹೋದಾಗ ನಮ್ಮ ಮಕ್ಕಳು ಅದನ್ನು ಕಂಡು ಗಾಬರಿಯಾಗುತ್ತಿದ್ದರು. ಆ ಕೆಂಪು ಬರುವುದು ಪತಿಮುಗಂ ಎಂಬ ಮರದ ಚಕ್ಕೆಯಿಂದ. ಕನ್ನಡದಲ್ಲಿ ಅದು ಪತ್ತಂಗ ಅಥವಾ ಸಪ್ಪಂಗ. ಅದೂ ಮುಳ್ಳುಳ್ಳದ್ದು, ಹಳದಿ ಹೂವಿನದು, ಗಜ್ಜುಗದ ಬಳಗದ್ದೇ. ಬಟ್ಟೆಗೆ ಕೆಂಪು ಬಣ್ಣ ಕಟ್ಟಲು ಅದರ ಚಕ್ಕೆಯನ್ನು ಏಷ್ಯಾದ ಬಂದರುಗಳಿಂದ ಅರಬ್ಬರು ಪಶ್ಚಿಮಕ್ಕೆ ಒಯ್ಯುತ್ತಿದ್ದರು. 13ನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಕೊಲ್ಲಂ ಕಡೆಯಲ್ಲಿ ಈ ಮರ ಸಿಗುತ್ತದೆಂದು ಬರೆದಿದ್ದಾನೆ. ಯುರೋಪಿನ ವ್ಯಾಪಾರಿಗಳು ಆ ಕೆಂಪು ಮರವನ್ನು 'ಬ್ರಸಿಲ್' ಎಂದು ಕರೆಯುತ್ತಿದ್ದರು. ಕೆಂಡಕ್ಕೆ ಅವರಲ್ಲಿರುವ ಬ್ರಾಸ ಎಂಬ ಪದದಿಂದ ಅದು ಬಂದಿರಬೇಕೆಂದು ಹಲವರು ಹೇಳುತ್ತಾರೆ.

ಅಂದರೆ ಕೊಲಂಬಸ್ ಹುಟ್ಟುವುದಕ್ಕೂ ಇನ್ನೂರು ವರ್ಷ ಮೊದಲೇ ಆ ಹೆಸರು ನಮ್ಮ ಕಡೆಯ ಒಂದು ಮರಕ್ಕೆ ಇತ್ತು. ಆಮೇಲೆ ಅದು ಕಡಲು ದಾಟಿ ಇನ್ನೊಂದು ಮರಕ್ಕೆ ಅಂಟಿತು, ಆ ಮರದಿಂದ ಒಂದು ದೇಶಕ್ಕೆ ಅಂಟಿತು.

ಕಲ್ಲಿಕೋಟೆಗೆ ಹೊರಟ ಹಡಗುಗಳು

ಅಂಟಿದ್ದು ಹೇಗೆ ಎಂಬುದೂ ನಮ್ಮ ಪಾಠಪುಸ್ತಕಕ್ಕೆ ಹೊಂದಿಕೊಂಡ ಕಥೆಯೇ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದನ್ನು ನಾವೆಲ್ಲ ಓದಿದ್ದೇವೆ. ಅವನ ನಂತರದ ಎರಡನೆಯ ತಂಡ ಪೆಡ್ರೊ ಆಲ್ವರೆಸ್ ಕಬ್ರಾಲನದು. 13 ಹಡಗುಗಳೊಂದಿಗೆ 1500ನೆಯ ಇಸವಿ ಮಾರ್ಚ್ 9ರಂದು ಲಿಸ್ಬನ್ನಿನಿಂದ ಹೊರಟಿತು. ಹೊರಟದ್ದು ಕಲ್ಲಿಕೋಟೆಗೆ, ಮೆಣಸಿಗಾಗಿ. ಗಾಳಿಯ ಅನುಕೂಲಕ್ಕೆ ಅಟ್ಲಾಂಟಿಕಿನಲ್ಲಿ ಪಶ್ಚಿಮಕ್ಕೆ ಬಹಳ ದೂರ ಸರಿದು ಹೋದ ಹಡಗುಗಳಿಗೆ ಏಪ್ರಿಲ್ 22ರಂದು ಒಂದು ಬೆಟ್ಟ ಕಾಣಿಸಿತು. ಈಸ್ಟರ್ ಹಬ್ಬದ ವಾರವಾದ್ದರಿಂದ ಅದಕ್ಕೆ ಈಸ್ಟರ್ ಬೆಟ್ಟವೆಂದು ಹೆಸರಿಟ್ಟರು. ಆ ನೆಲಕ್ಕೆ ಮೊದಲು ಇಟ್ಟ ಹೆಸರು 'ನಿಜ ಶಿಲುಬೆಯ ದ್ವೀಪ'. ಆಮೇಲೆ 'ಪವಿತ್ರ ಶಿಲುಬೆಯ ನಾಡು' ಎಂದಾಯಿತು.

ಕಬ್ರಾಲ್ ಅಲ್ಲಿ ಸುಮಾರು ಹತ್ತು ದಿನ ಇದ್ದು, ಸುದ್ದಿ ತಿಳಿಸಲು ಒಂದು ಹಡಗನ್ನು ಹಿಂದಕ್ಕೆ ಕಳಿಸಿ, ಮುಂದೆ ಹೊರಟ. ಆಫ್ರಿಕದ ತುದಿಯಲ್ಲಿ ಬಿರುಗಾಳಿಗೆ ಸಿಕ್ಕಿ ನಾಲ್ಕು ಹಡಗುಗಳು ಮುಳುಗಿದವು. ಉಳಿದವು ಆಗಸ್ಟಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು ಸುಧಾರಿಸಿಕೊಂಡು, ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಸೇರಿದವು. ಬ್ರೆಜಿಲಿನ ನೆಲವನ್ನು ಮೊದಲು ಕಂಡ ಪೋರ್ಚುಗೀಸರಲ್ಲಿ ಅನೇಕರು ಅದೇ ವರ್ಷ ನಮ್ಮ ಕಾರವಾರದ ಬೆಟ್ಟಗಳನ್ನೂ ಕಂಡರು.

ಹೊಸ ನೆಲದಲ್ಲಿ ಮೆಣಸು ಇರಲಿಲ್ಲ, ಚಿನ್ನವೂ ಆಗ ಕಾಣಲಿಲ್ಲ. ಕಂಡದ್ದು ಕೆಂಪು ಚೇಗಿನ ಮುಳ್ಳುಮರ. ಅಲ್ಲಿಯ ತುಪಿ ಜನ ಅದನ್ನು ಇಬಿರಪಿಟಂಗ ಎನ್ನುತ್ತಿದ್ದರು, ಅಂದರೆ ಕೆಂಪು ಮರ. ಅವರು ಅದರಿಂದ ಬಿಲ್ಲು ಮಾಡುತ್ತಿದ್ದರು, ಬಣ್ಣ ತೆಗೆಯುತ್ತಿದ್ದರು. ಪೋರ್ಚುಗೀಸರಿಗೆ ಅದು ಏಷ್ಯಾದಿಂದ ದುಬಾರಿಗೆ ಬರುತ್ತಿದ್ದ 'ಬ್ರಸಿಲ್' ಮರದ ಹಾಗೆಯೇ ತೋರಿತು. ಹಡಗಿನವರ ಬಾಯಲ್ಲಿ ಆ ನಾಡು ಬ್ರಸಿಲ್ ಮರದ ನಾಡಾಯಿತು, ಆಮೇಲೆ ಬರೀ ಬ್ರಸಿಲ್ ಆಯಿತು. ಶಿಲುಬೆಯ ಮರದ ಹೆಸರು ಹೋಗಿ ಬಟ್ಟೆಗೆ ಬಣ್ಣ ಹಾಕುವ ಮರದ ಹೆಸರು ಉಳಿಯಿತಲ್ಲ ಎಂದು ಪೋರ್ಚುಗೀಸ್ ಇತಿಹಾಸಕಾರ ಜೊವಾವ್ ದ ಬಾರೊಸ್ ಆ ಶತಮಾನದಲ್ಲೇ ನೊಂದುಕೊಂಡು ಬರೆದ. ಬ್ರೆಜಿಲಿನ ಜನರಿಗೆ ಅವರ ಭಾಷೆಯಲ್ಲಿ ಬ್ರಸಿಲೇರೊ ಎನ್ನುತ್ತಾರೆ. ಅದು ಮೊದಲು ಈ ಮರದ ಕಸುಬಿನವರಿಗೆ ಇದ್ದ ಹೆಸರು.

ಕೊಡಲಿಯ ಶತಮಾನ

1502ರಲ್ಲಿ ಪೋರ್ಚುಗಲ್ ದೊರೆ ಮನುವೆಲ್ ಈ ಮರದ ವ್ಯಾಪಾರವನ್ನು ಫೆರ್ನಾವ್ ದ ಲೊರೊನ್ಯ ಎಂಬಾತ ಮುಂದಾಳಾಗಿದ್ದ ವರ್ತಕರ ಗುಂಪಿಗೆ ಗುತ್ತಿಗೆ ಕೊಟ್ಟ. ತೀರದುದ್ದಕ್ಕೂ ಕೋಠಿಗಳು ಎದ್ದವು. ಮರ ಕಡಿಯುತ್ತಿದ್ದವರು, ಸೊಪ್ಪು ತೊಗಟೆ ಸವರಿ ತುಂಡು ಮಾಡುತ್ತಿದ್ದವರು, ಹೆಗಲ ಮೇಲೆ ಹೊತ್ತು ಹಡಗಿಗೆ ತರುತ್ತಿದ್ದವರು ತುಪಿ ಜನ. ಅವರಿಗೆ ಸಿಗುತ್ತಿದ್ದುದು ಕೊಡಲಿ, ಚಾಕು, ಕನ್ನಡಿ, ಬಟ್ಟೆ. ಕಲ್ಲಿನ ಕೊಡಲಿಯಲ್ಲಿ ಬಹಳ ಹೊತ್ತು ಹಿಡಿಯುತ್ತಿದ್ದ ಕೆಲಸ ಕಬ್ಬಿಣದ ಕೊಡಲಿ ಬಂದ ಮೇಲೆ ಬೇಗ ಮುಗಿಯತೊಡಗಿತು. ಮರಕ್ಕೆ ಬೆಲೆಯಾಗಿ ಕೊಟ್ಟ ಕೊಡಲಿಯೇ ಮುಂದಿನ ಮರವನ್ನು ಕೆಡವಿತು.

1511ರಲ್ಲಿ ಬ್ರೆಟೋವಾ ಎಂಬ ಒಂದೇ ಹಡಗು ಕಾಬೊ ಫ್ರಿಯೊ ಕಡೆಯಿಂದ ಐದು ಸಾವಿರಕ್ಕೂ ಹೆಚ್ಚು ದಿಮ್ಮಿಗಳನ್ನು ಒಯ್ದಿತು. ಜೊತೆಗೆ ಗಿಳಿಗಳು, ಕೋತಿಗಳು, ಮತ್ತು ಗುಲಾಮರಾಗಿ ಮೂವತ್ತಕ್ಕೂ ಹೆಚ್ಚು ಮಂದಿ ಸ್ಥಳೀಯರು. ಆ ಹಡಗಿನ ಲೆಕ್ಕದಲ್ಲಿ ಮರವೂ ಮನುಷ್ಯರೂ ಒಂದೇ ಪಟ್ಟಿಯಲ್ಲಿದ್ದಾರೆ. ಮೊದಲ ನೂರು ವರ್ಷಗಳಲ್ಲಿ ಹತ್ತಿರ ಹತ್ತಿರ 20 ಲಕ್ಷ ಮರಗಳು ಹೋಗಿರಬೇಕೆಂದು ಆ ಕಾಡಿನ ಇತಿಹಾಸ ಬರೆದ ವಾರನ್ ಡೀನ್ ಅಂದಾಜು ಮಾಡಿದ್ದಾರೆ.

ಯುರೋಪಿನಲ್ಲಿ ಆ ದಿಮ್ಮಿಗಳನ್ನು ಅರದಿಂದ ಉಜ್ಜಿ ಪುಡಿ ಮಾಡುತ್ತಿದ್ದರು. ಪುಡಿಯನ್ನು ನೀರಿನಲ್ಲಿ ನೆನೆಸಿ ಕುದಿಸಿ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಆ ಪಟಿಕ ಸೇರಿಸಿ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಉಜ್ಜುವ ಕೆಲಸ ಎಷ್ಟು ಕಷ್ಟದ್ದೆಂದರೆ, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 1596ರಲ್ಲಿ ತೆರೆದ ಸೆರೆಮನೆಯಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಶಿಕ್ಷೆಯೇ ಇದು. ಆ ಸೆರೆಮನೆಗೆ ಉಜ್ಜುವ ಮನೆ ಎಂದೇ ಹೆಸರಾಯಿತು.

ಮುದುಕ ಕೇಳಿದ ಪ್ರಶ್ನೆ

ಈ ಮರಕ್ಕೆ ಪೋರ್ಚುಗೀಸರ ಜೊತೆ ಫ್ರೆಂಚರೂ ಬಂದರು. 1555ರಲ್ಲಿ ಈಗಿನ ರಿಯೊ ಡಿ ಜನೈರೊ ಇರುವ ಕೊಲ್ಲಿಯಲ್ಲಿ ಅವರು ಒಂದು ವಸಾಹತು ಹೂಡಿದರು. ಅಲ್ಲಿಗೆ ಎರಡು ವರ್ಷದ ಮೇಲೆ ಬಂದ ಝಾಂ ದ ಲೆರಿ ಎಂಬ ಯುವಕ ಕೆಲಕಾಲ ತುಪಿನಂಬ ಜನರ ನಡುವೆ ಇದ್ದ. ಅವನು 1578ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಬ್ಬ ಮುದುಕ ತನ್ನನ್ನು ಕೇಳಿದ್ದನ್ನು ಬರೆದಿಟ್ಟಿದ್ದಾನೆ. ನೀವು ಇಷ್ಟು ದೂರ ಬಂದು ಸೌದೆ ಒಯ್ಯುತ್ತೀರಲ್ಲ, ನಿಮ್ಮ ಊರಲ್ಲಿ ಮರ ಇಲ್ಲವೆ ಎಂದು ಮುದುಕ ಕೇಳಿದನಂತೆ. ಇದು ಉರಿಸಲಿಕ್ಕಲ್ಲ, ಬಣ್ಣಕ್ಕೆ ಎಂದು ಲೆರಿ ಹೇಳಿದ. ಹಾಗಾದರೂ ಇಷ್ಟೊಂದು ಯಾಕೆ ಎಂದದ್ದಕ್ಕೆ, ನಮ್ಮಲ್ಲಿ ಒಬ್ಬೊಬ್ಬ ವರ್ತಕನೂ ಹಡಗುಗಟ್ಟಲೆ ಕೊಳ್ಳುವಷ್ಟು ಶ್ರೀಮಂತ ಎಂದ. ಅಷ್ಟು ಶ್ರೀಮಂತನಾದವನು ಸಾಯುವುದಿಲ್ಲವೆ, ಸತ್ತರೆ ಅದೆಲ್ಲ ಯಾರಿಗೆ ಎಂದು ಮುದುಕ ಮತ್ತೆ ಕೇಳಿದ. ಮಕ್ಕಳಿಗೆ ಎಂದಾಗ, ನಮಗೂ ಮಕ್ಕಳಿದ್ದಾರೆ, ನಮ್ಮನ್ನು ಸಾಕಿದ ಭೂಮಿ ಅವರನ್ನೂ ಸಾಕುತ್ತದೆಂದು ನಾವು ನಿಶ್ಚಿಂತರಾಗಿದ್ದೇವೆ ಎಂಬರ್ಥದ ಮಾತು ಹೇಳಿದನಂತೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ಮುದುಕನ ಪ್ರಶ್ನೆ ಅವರ ಕಾಲದ ಯಾವ ಪರೀಕ್ಷೆಯಲ್ಲೂ ಇರಲಿಲ್ಲ. ಆದರೂ ಲೆರಿ ಅವನನ್ನು ಕುಳ್ಳಿರಿಸಲಿಲ್ಲ, ಪ್ರಶ್ನೆಯನ್ನು ಬರೆದಿಟ್ಟುಕೊಂಡು ಹೋದ. ಅದರಿಂದಲೇ ಅದು ನಮ್ಮವರೆಗೂ ಬಂದಿದೆ.

ಅರಸನ ಮರ

ಮರ ಕಡಿಮೆಯಾಗುತ್ತಿರುವುದು ಅರಮನೆಗೂ ತಿಳಿಯಿತು. 1605ರ ಡಿಸೆಂಬರ್ 12ರಂದು ಪೋರ್ಚುಗಲ್ಲನ್ನೂ ಆಳುತ್ತಿದ್ದ ಸ್ಪೇನಿನ ದೊರೆ ಬ್ರೆಜಿಲ್ ಮರಕ್ಕಾಗಿಯೇ ಒಂದು ಕಟ್ಟಳೆ ಹೊರಡಿಸಿದ. ಪರವಾನಗಿ ಇಲ್ಲದೆ ಕಡಿಯಬಾರದು, ಇಷ್ಟೇ ಕಡಿಯಬೇಕು, ದೊಡ್ಡ ಪ್ರಮಾಣದಲ್ಲಿ ಕದ್ದವನಿಗೆ ಮರಣದಂಡನೆ. ಇದು ಕಾಡಿನ ಮೇಲಿನ ಕರುಣೆಯಲ್ಲ, ಬೊಕ್ಕಸದ ಚಿಂತೆ. ಅರಸನ ಏಕಸ್ವಾಮ್ಯ 19ನೆಯ ಶತಮಾನದ ನಡುವಿನವರೆಗೂ ನಡೆಯಿತು. ಕಳ್ಳಸಾಗಣೆಯೂ ಅದರ ಜೊತೆಗೇ ನಡೆಯಿತು.

ನಮಗೆ ಇದು ಹೊಸ ಕಥೆಯಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದ ಸರ್ಕಾರಗಳೂ ಅದೇ ಪದ್ಧತಿ ಇಟ್ಟುಕೊಂಡವು. ತನ್ನ ಜಮೀನಿನಲ್ಲಿ ಹುಟ್ಟಿದ ಗಂಧ ತನ್ನದಲ್ಲ, ಕಳುವಾದರೆ ಮಾತ್ರ ತೊಂದರೆ ತನಗೆ ಎಂದಾದಾಗ ರೈತ ಸಸಿಯಲ್ಲೇ ಕಿತ್ತೆಸೆಯುತ್ತಿದ್ದ ಎಂಬುದನ್ನು ನಮ್ಮೂರ ಹಿರಿಯರು ಹೇಳಬಲ್ಲರು. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಜಮೀನಿನ ಒಡೆಯನಿಗೇ ಗಂಧದ ಮರದ ಒಡೆತನ ಬಂತು. ಅರಸನ ಮರ ಎಂದು ಹೆಸರಿಟ್ಟ ಮಾತ್ರಕ್ಕೆ ಮರ ಉಳಿಯುವುದಿಲ್ಲ ಎಂಬುದಕ್ಕೆ ಎರಡೂ ನಾಡುಗಳು ಸಾಕ್ಷಿ.

ಬಣ್ಣ ಹೋಯಿತು, ಕಮಾನು ಬಂತು

1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ತರುಣ ಮೊದಲ ಕೃತಕ ಬಣ್ಣ ತಯಾರಿಸಿದ. ನಮ್ಮ ದೇಶದ ನೀಲಿಗೆ ಬಂದ ಗತಿಯೇ ಈ ಕೆಂಪಿಗೂ ಬಂತು, ಬಣ್ಣದ ಮರಕ್ಕೆ ಬೇಡಿಕೆ ಇಳಿಯಿತು. ಆದರೆ ಅಷ್ಟರಲ್ಲಿ ಕಾಡಿಗೆ ಬೇರೆ ಶತ್ರುಗಳು ಬಂದಿದ್ದವು. ಈಶಾನ್ಯದ ಕರಾವಳಿಯನ್ನು ಕಬ್ಬಿನ ಗದ್ದೆಗಳು, ದಕ್ಷಿಣದ ಕಣಿವೆಗಳನ್ನು ಕಾಫಿ ತೋಟಗಳು ನುಂಗಿದವು. ಎರಡಕ್ಕೂ ಆಫ್ರಿಕದಿಂದ ತಂದ ಗುಲಾಮರ ದುಡಿಮೆ. ಆಮೇಲೆ ಸಾವೊ ಪಾಲೊ, ರಿಯೊದಂಥ ನಗರಗಳು ಬೆಳೆದವು. ಸುಮಾರು 13 ಲಕ್ಷ ಚದರ ಕಿಲೋಮೀಟರ್ ಇದ್ದ ಆ ಕಾಡಿನಲ್ಲಿ ಈಗ ದಟ್ಟವಾಗಿ ಉಳಿದಿರುವುದು ಎಂಟರಲ್ಲಿ ಒಂದು ಪಾಲಿನಷ್ಟು, ಅದೂ ಹರಿದ ಬಟ್ಟೆಯ ಚಿಂದಿಗಳ ಹಾಗೆ ಅಲ್ಲಲ್ಲಿ.

ಇನ್ನೊಂದು ಕಡೆಯಿಂದ ಈ ಮರಕ್ಕೆ ಹೊಸ ಬೇಡಿಕೆ ಬಂದಿತ್ತು. 18ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಫ್ರಾನ್ಸ್ವಾ ತೂರ್ತ್ ಎಂಬ ಕುಶಲಕರ್ಮಿ ಪಿಟೀಲಿನ ಕಮಾನಿಗೆ ಈಗಿನ ರೂಪ ಕೊಟ್ಟ. ಅದಕ್ಕೆ ಅವನು ಆರಿಸಿದ್ದು ಬ್ರೆಜಿಲಿನ ಪೆರ್ನಂಬುಕೊ ಪ್ರದೇಶದ ಹೆಸರಿನಲ್ಲಿ ಬರುತ್ತಿದ್ದ ಈ ಮರದ ಚೇಗು. ಗಟ್ಟಿ, ಆದರೆ ಬಳುಕುವಂಥದ್ದು. ಬಾಗಿಸಿದರೆ ಮುರಿಯದು, ಬಿಟ್ಟರೆ ಮೊದಲಿನ ರೂಪಕ್ಕೆ ಬರುತ್ತದೆ. ತುಪಿ ಜನ ಬಿಲ್ಲಿಗೆ ಆರಿಸಿದ ಗುಣವನ್ನೇ ತೂರ್ತ್ ಕಮಾನಿಗೆ ಆರಿಸಿದ. ಇನ್ನೂರು ವರ್ಷಗಳಿಂದ ಪಶ್ಚಿಮದ ದೊಡ್ಡ ಪಿಟೀಲು ವಾದಕರು ಇದಕ್ಕೆ ಸಮನಾದ ಮರ ಇಲ್ಲ ಎನ್ನುತ್ತಾರೆ.

1978ರಲ್ಲಿ ಬ್ರೆಜಿಲ್ ಸರ್ಕಾರ ಇದನ್ನು ರಾಷ್ಟ್ರೀಯ ಮರವೆಂದು ಸಾರಿ, ಮೇ 3ನ್ನು ಬ್ರೆಜಿಲ್ ಮರದ ದಿನವೆಂದು ಗೊತ್ತುಮಾಡಿತು. 2007ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಇದು ಸೇರಿತು. 2022ರಲ್ಲಿ ನಿಯಮ ಬಿಗಿಯಾಗಿ, ಬ್ರೆಜಿಲಿನಿಂದ ಹೊರಹೋಗುವ ಸಿದ್ಧ ಕಮಾನಿಗೂ ಪರವಾನಗಿ ಬೇಕಾಯಿತು. ಕಮಾನು ಮಾಡುವವರೂ ಸುಮ್ಮನಿರಲಿಲ್ಲ. 2000ದಲ್ಲಿಯೇ ಹಲವು ದೇಶಗಳ ಕಮಾನು ತಯಾರಕರು ಸೇರಿ ಈ ಮರ ನೆಡುವುದಕ್ಕಾಗಿ ಸಂಸ್ಥೆ ಕಟ್ಟಿದರು. ಬಾಯಿಯ ರಾಜ್ಯದಲ್ಲಿ ಕಾಡಿನ ಮರಗಳ ನೆರಳಿನಲ್ಲಿ ಕೋಕೋ ಬೆಳೆಯುವ ತೋಟಗಳಿವೆ, ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಂತೆ. ಅಲ್ಲಿ ರೈತರು ಈ ಸಸಿ ನೆಡುತ್ತಿದ್ದಾರೆ. ಆದರೆ ಕಮಾನಿಗೆ ಒದಗುವಷ್ಟು ಚೇಗು ಬಲಿಯಲು ದಶಕಗಳು ಬೇಕು. ಇಂದು ನೆಟ್ಟವನು ಅದರ ನಾದ ಕೇಳಲಾರ.

ನಮ್ಮ ಹಲಸಿನಕಟ್ಟೆ

ಆ ಹಡಗುಗಳ ದಾರಿಯಲ್ಲೇ ಬ್ರೆಜಿಲಿನ ಗೇರುಮರ 16ನೆಯ ಶತಮಾನದಲ್ಲಿ ಗೋವೆಗೂ ಮಲಬಾರಿಗೂ ಬಂತು, ಅನಾನಸ್ ಬಂತು. ತುಪಿ ಜನರ 'ಅಕಜು' ಪೋರ್ಚುಗೀಸರ ಬಾಯಲ್ಲಿ ಕಜು ಆಗಿ, ನಮ್ಮ ಕಡೆ ಕಾಜು ಆಗಿದೆ. ಅನಾನಸ್ ಎಂಬುದರ ಬೇರೂ ಅಲ್ಲಿಯ ಜನರ ಮಾತಿನಲ್ಲೇ ಇದೆ. ಅವರ ಕಾಡು ಹೋಯಿತು, ಅವರ ಎರಡು ಮಾತು ನಮ್ಮ ಸಂತೆಯಲ್ಲಿ ದಿನವೂ ಕೇಳುತ್ತದೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟು. ಬ್ರೆಜಿಲಿಗೆ ಆ ಹೆಸರು ಬಂದದ್ದು ಒಂದು ಮುಳ್ಳುಮರದಿಂದ. ಹೆಸರು ನಾಡಿಗೆಲ್ಲ ಹರಡಿತು, ಭೂಪಟಕ್ಕೆ ಏರಿತು, ವಿಶ್ವಕಪ್ಪಿನ ಮೇಲೂ ಕೆತ್ತಲ್ಪಟ್ಟಿತು. ಮರ ಮಾತ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

ಇನ್ನು ನಮ್ಮ ಊರಿನ ಮಾತು. ಶಾಲೆಯ ಎದುರಿನ ಬಸ್ ನಿಲ್ದಾಣಕ್ಕೆ ಹಲಸಿನಕಟ್ಟೆ ಎಂದು ಹೆಸರು. ಕಂಡಕ್ಟರ್ ಇವತ್ತಿಗೂ ಹಾಗೆಯೇ ಕೂಗುತ್ತಾನೆ. ಶಾಲೆಯ ಮೊದಲ ತಂಡದವರಿಗೆ ಆ ಹಲಸಿನ ಮರ ಗೊತ್ತು, ಅದರ ಕಟ್ಟೆಯ ಮೇಲೆ ಕುಳಿತು ಬುತ್ತಿ ಉಂಡವರು ಅವರು. ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಆಮೇಲೆ ಕಟ್ಟೆಯೂ ಹೋಯಿತು. ಕಡಿದ ದಿನ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಕೊಡಲಿಯ ಸದ್ದು ಕೇಳಿಸುತ್ತಿತ್ತು, ಕಿಟಕಿ ಮುಚ್ಚಿಸಿ ಪಾಠ ಮುಂದುವರಿಸಿದೆ. ಈಗಿನ ಮಕ್ಕಳು ಹಲಸಿನಕಟ್ಟೆ ಅಂದರೆ ಬಸ್ ನಿಲ್ಲುವ ಜಾಗ ಎಂದಷ್ಟೇ ತಿಳಿದಿದ್ದಾರೆ. ಅವರಲ್ಲಿ ಒಬ್ಬರಾದರೂ ಆ ಹೆಸರು ಯಾಕೆ ಬಂತೆಂದು ಕೇಳಿದರೆ, ದಯವಿಟ್ಟು ಯಾರೂ ಕೂತ್ಕೊ ಎನ್ನಬೇಡಿ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಆವರಣದಲ್ಲಿ ಸಸಿ ನೆಡುವ ಕಾರ್ಯಕ್ರಮವಿದೆಯೆಂದು ಸಮಿತಿಯವರು ತಿಳಿಸಿದ್ದಾರೆ. ಗೇಟಿನ ಬಳಿ, ರಸ್ತೆಯಿಂದ ಸಾಕಷ್ಟು ಒಳಗೆ, ಒಂದು ಹಲಸಿನ ಗಿಡವಿರಲಿ ಎಂದು ಕೇಳಿಕೊಂಡಿದ್ದೇನೆ. ಬೀಜ ನಮ್ಮ ಮನೆಯದು. ಆ ಹಳೆಯ ಮರದ ಹಣ್ಣು ತಿಂದು ನಮ್ಮ ತಾಯಿ ಹಿತ್ತಿಲಲ್ಲಿ ಹಾಕಿದ ಬೀಜದಿಂದ ಬೆಳೆದ ಮರ ಈಗಲೂ ಕಾಯಿ ಬಿಡುತ್ತಿದೆ. ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈಸೇರಿದರೆ, ಒಂದು ದಿನ ಬಂದು ಆ ಗಿಡಕ್ಕೆ ಒಂದು ಕೊಡ ನೀರು ಹಾಕಿ ಹೋಗಲಿ.